ಹಲ್ಲಿನ ತಿರುಳಿಗೆ ಅಯಸ್ಕಾಂತದ ಆಸರೆ

ಬಾಯಿ, ನಾಲಗೆ, ಗಂಟಲಿನ ಕ್ಯಾನ್ಸರಿಗೆ 'ಕರೆಂಟ್' ಕೊಡಿಸಿಕೊಂಡ ಹಲವರಿಗೆ, ಎಂದರೆ ವಿಕಿರಣ ಚಿಕಿತ್ಸೆ ಪಡೆದವರಿಗೆ, ಗಡ್ಡೆ ಕರಗಿದ ಮೇಲೂ ಒಂದು ತೊಂದರೆ ಬೆನ್ನು ಬಿಡುವುದಿಲ್ಲ. ಬಾಯಿ ಒಣಗುತ್ತದೆ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಯುತ್ತದೆ. ಅದನ್ನು ಒಸರುವ ಮುಖ್ಯ ಗ್ರಂಥಿಗಳು ಮೂರು ಜೋಡಿ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ. ಗಡ್ಡೆಯನ್ನು ಸುಡಲು ಹಾಯಿಸಿದ ಕಿರಣ ದಾರಿಯಲ್ಲಿ ಸಿಕ್ಕ ಈ ಗ್ರಂಥಿಗಳನ್ನೂ ಸುಡುತ್ತದೆ. ಅವು ಮತ್ತೆ ಚಿಗುರುವುದು ಕಷ್ಟ. ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಹಲ್ಲು ಬೇಗ ಹುಳುಕಾಗುತ್ತದೆ, ರಾತ್ರಿ ನಾಲಗೆ ಅಂಗುಳಕ್ಕೆ ಅಂಟಿ ಎಚ್ಚರವಾಗುತ್ತದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರೇ ತುಟಿ ಮತ್ತು ಬಾಯಿಯದು. ಕಾಸರಗೋಡು, ಉಡುಪಿ, ಕೊಡಗಿನಿಂದಲೂ ರೋಗಿಗಳು ಬರುವ ಮಂಗಳೂರಿನ ಆಸ್ಪತ್ರೆಗಳಿಗೆ ಇದು ದೂರದ ಸಮಸ್ಯೆಯಲ್ಲ. ಕಬ್ಬಿಣದ ಅತಿಸೂಕ್ಷ್ಮ ಕಣಗಳನ್ನು ಜೀವಕೋಶಕ್ಕೆ ಅಂಟಿಸಿ, ಅಯಸ್ಕಾಂತದಿಂದ ಆ ಕೋಶಗಳನ್ನು ಒಟ್ಟುಗೂಡಿಸಿ ಅಂಗಾಂಶ ಕಟ್ಟುವ ವಿದ್ಯೆಯ ಬಗ್ಗೆ ಬರೆಯುವಾಗ ಕೃತಕ ಹೃದಯ, ಕೃತಕ ಕಿಡ್ನಿ ಎಂದು ಶುರುಮಾಡುವುದು ವಾಡಿಕೆ. ನನ್ನ ಮಟ್ಟಿಗೆ ಆ ವಿದ್ಯೆಯ ನಿಜವಾದ ಬೆಲೆ ಇರುವುದು ಇಂಥ ಸಣ್ಣ ಗ್ರಂಥಿಯ ಕೆಲಸದಲ್ಲಿ. ಆ ಕೆಲಸಕ್ಕೆ ಮಂಗಳೂರಿನಷ್ಟು ಒಗ್ಗುವ ಊರು ನಮ್ಮಲ್ಲಿ ಹೆಚ್ಚಿಲ್ಲ.

ಮೊದಲು ವಿದ್ಯೆಯ ಒಳಗುಟ್ಟು. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶ ಬೆಳೆಸುವುದು ಇಂದು ಹೊಸದೇನಲ್ಲ. ಆದರೆ ಅಲ್ಲಿ ಕೋಶಗಳು ತಟ್ಟೆಯ ತಳಕ್ಕೆ ಅಂಟಿ, ಒಂದೇ ಪದರವಾಗಿ ಹರಡುತ್ತವೆ. ದೇಹದಲ್ಲಿ ಕೋಶ ಹಾಗೆ ಬದುಕುವುದಿಲ್ಲ. ಮೇಲೆ, ಕೆಳಗೆ, ಪಕ್ಕದಲ್ಲಿ ಬೇರೆ ಕೋಶಗಳಿದ್ದರೆ ಮಾತ್ರ ಅದು ತನ್ನ ಕಸುಬನ್ನು ಸರಿಯಾಗಿ ಮಾಡುತ್ತದೆ. ಹಾಗಾಗಿ ಟಿಶ್ಯೂ ಎಂಜಿನಿಯರಿಂಗ್ ಎಂಬ ಶಾಸ್ತ್ರ ಮೊದಲಿನಿಂದಲೂ ನೆಚ್ಚಿಕೊಂಡದ್ದು ಹಂದರವನ್ನು. ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನ ಈ ಶಾಸ್ತ್ರಕ್ಕೆ ದಾರಿ ಹಾಕಿಕೊಟ್ಟಿತು. ದೇಹದಲ್ಲಿ ಕರಗಿಹೋಗುವ ಪಾಲಿಮರಿನಿಂದ ಹಂದರ ಮಾಡುವುದು, ಅದರ ಮೇಲೆ ಕೋಶ ಬಿತ್ತುವುದು, ಕೋಶಗಳು ಅದನ್ನು ತುಂಬಿಕೊಂಡ ಮೇಲೆ ಹಂದರ ಕರಗಿಹೋಗುವುದು. ತೊಂಡೆಬಳ್ಳಿಗೆ ಚಪ್ಪರ ಹಾಕಿದ ಹಾಗೆ. ಎಲುಬು, ಮೃದ್ವಸ್ಥಿಗಳಂಥ ಗಟ್ಟಿ ಅಂಗಾಂಶಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಗ್ರಂಥಿಯಲ್ಲಿ ಮಾತ್ರ ಕೋಶಕ್ಕೆ ಕೋಶವೇ ಒತ್ತಾಗಿ ಅಂಟಿರಬೇಕು. ನಡುವೆ ಪಾಲಿಮರ್ ಬಂದರೆ ಆ ನಂಟು ಸಡಿಲವಾಗುತ್ತದೆ, ಅದು ಕರಗುವಾಗ ಬಿಡುವ ರಾಸಾಯನಿಕಗಳು ಸುತ್ತಲ ಕೋಶಗಳನ್ನು ಕೆರಳಿಸಲೂಬಹುದು.

ಹಂದರವಿಲ್ಲದೆ ಕೋಶಗಳನ್ನು ಒಟ್ಟುಗೂಡಿಸಲು ಹೊರಗಿನಿಂದ ಒಂದು ಬಲ ಬೇಕು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಅಕಿರಾ ಇಟೊ, ಹಿರೊಯುಕಿ ಹೊಂಡಾ ಮತ್ತು ಸಂಗಡಿಗರು 2004ರ ಸುಮಾರಿಗೆ ಆ ಬಲವನ್ನು ಅಯಸ್ಕಾಂತದಲ್ಲಿ ಕಂಡರು. ಅವರ ಗುಂಪಿನ ಬಳಿ ಕ್ಯಾನ್ಸರ್ ಗಡ್ಡೆಯನ್ನು ಬಿಸಿಮಾಡಿ ಕೊಲ್ಲಲೆಂದು ತಯಾರಿಸಿದ್ದ, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಣಗಳಿದ್ದವು. ಸುಮಾರು 10 ನ್ಯಾನೊಮೀಟರಿನ ಈ ಕಣಗಳಿಗೆ ಧನವಿದ್ಯುತ್ತಿನ ಕೊಬ್ಬಿನ ಹೊದಿಕೆ ಹೊದಿಸಲಾಗಿತ್ತು. ಕೋಶದ ಹೊರಪೊರೆ ಋಣವಿದ್ಯುತ್ತಿನದು. ಆದ್ದರಿಂದ ಕಣ ತಾನಾಗಿಯೇ ಹೋಗಿ ಅಂಟುತ್ತದೆ, ಮೆಲ್ಲಗೆ ಒಳಗೂ ಸೇರುತ್ತದೆ. ಕೋಶದ ಅಗಲ ಕಣಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು, ಹಾಗಾಗಿ ಒಳಗೆ ಜಾಗಕ್ಕೆ ಬರವಿಲ್ಲ. ಹೀಗೆ ಕಬ್ಬಿಣ ತಿಂದ ಚರ್ಮಕೋಶಗಳನ್ನು, ಕೋಶ ಅಂಟಲಾರದ ನುಣುಪು ತಟ್ಟೆಗೆ ಹಾಕಿ ಕೆಳಗೆ ಅಯಸ್ಕಾಂತ ಇಟ್ಟರು. ಕೋಶಗಳು ತಳಕ್ಕೆ ಇಳಿದು ಒಂದರ ಮೇಲೊಂದು ಪೇರಿಸಿಕೊಂಡು, ಒಂದು ದಿನದೊಳಗೆ ಹಲವು ಪದರದ ಹಾಳೆಯಾದವು. ಅಯಸ್ಕಾಂತ ತೆಗೆದರೆ ಹಾಳೆ ತಟ್ಟೆಯಿಂದ ಬಿಟ್ಟುಕೊಳ್ಳುತ್ತದೆ. ಅದನ್ನು ಎತ್ತಿ ಬೇರೆಡೆ ಇಡುವುದಕ್ಕೂ ಇನ್ನೊಂದು ಅಯಸ್ಕಾಂತವೇ ಸಾಕು. ಇಕ್ಕಳ ಮುಟ್ಟಿದರೆ ಹರಿದುಹೋಗುವಷ್ಟು ತೆಳುವಾದ ವಸ್ತುವಿಗೆ ಇದು ಸಣ್ಣ ಅನುಕೂಲವಲ್ಲ.

2010ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಗ್ಲಾಕೊ ಸೌಝಾ ಮತ್ತು ಸಂಗಡಿಗರು ಇದನ್ನೇ ತಲೆಕೆಳಗು ಮಾಡಿದರು. ಅಯಸ್ಕಾಂತವನ್ನು ತಟ್ಟೆಯ ಮೇಲಿಟ್ಟರು. ಕೋಶಗಳು ದ್ರವದಲ್ಲಿ ಮೇಲೇರಿ, ತೇಲುತ್ತಲೇ ಗುಂಪುಗಟ್ಟಿದವು. 'ನೇಚರ್ ನ್ಯಾನೊಟೆಕ್ನಾಲಜಿ'ಯಲ್ಲಿ ಪ್ರಕಟವಾದ ಈ ಕೆಲಸದಿಂದ ಮುಂದೆ ಒಂದು ಸರಳ ಸಾಧನ ಹುಟ್ಟಿತು. ಅದರ ಕೆಲಸದ ರೀತಿ ಹೀಗೆ: ರಾತ್ರಿಯಿಡೀ ಕೋಶಗಳನ್ನು ಕಣಗಳೊಂದಿಗೆ ನೆನೆಸಿಡಬೇಕು. ಬೆಳಿಗ್ಗೆ ಅವನ್ನು ತಟ್ಟೆಯಿಂದ ಬಿಡಿಸಿ, 96 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿಗೆ ಹಂಚಬೇಕು. ಪ್ಲೇಟಿನ ಕೆಳಗೆ, ಗುಳಿಗೊಂದರಂತೆ 96 ಪುಟ್ಟ ಅಯಸ್ಕಾಂತಗಳ ಚೌಕಟ್ಟು. ಕಂದುಬಣ್ಣದ ಮಬ್ಬಾಗಿ ಹರಡಿದ್ದ ಕೋಶಗಳು ಸ್ವಲ್ಪ ಹೊತ್ತಿನಲ್ಲೇ ಗುಳಿಯ ನಡುವೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕಿಯಾಗಿ ಕೂಡಿಕೊಳ್ಳುತ್ತವೆ. ಆಮೇಲೆ ಅಯಸ್ಕಾಂತ ತೆಗೆದುಬಿಡಬಹುದು, ಕೋಶಗಳು ತಾವೇ ಸ್ರವಿಸಿದ ಅಂಟಿನಿಂದ ಒಂದಾಗಿರುತ್ತವೆ. ಇಲ್ಲಿ ಭೌತಶಾಸ್ತ್ರದ ಒಂದು ಸೂಕ್ಷ್ಮವಿದೆ. ಸುಮಾರು 20 ನ್ಯಾನೊಮೀಟರಿಗಿಂತ ಚಿಕ್ಕದಾದ ಕಬ್ಬಿಣದ ಆಕ್ಸೈಡ್ ಕಣಕ್ಕೆ ಸ್ವಂತ ಕಾಂತತ್ವ ಉಳಿಯುವುದಿಲ್ಲ. ಅಯಸ್ಕಾಂತ ಹತ್ತಿರವಿದ್ದಾಗ ಮಾತ್ರ ಅದು ಅಯಸ್ಕಾಂತ, ದೂರವಾದರೆ ಬರಿಯ ಕಣ. ಹಾಗಿಲ್ಲದಿದ್ದರೆ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಗಡ್ಡೆಕಟ್ಟಿ ಕೋಶಕ್ಕೇ ಕುತ್ತಾಗುತ್ತಿತ್ತು.

ಮ್ಯಾಗ್ನಟೈಟ್ ಎಂದೊಡನೆ ಮಂಗಳೂರಿನ ಹಿರಿಯರಿಗೆ ಪಣಂಬೂರು ನೆನಪಾಗಬೇಕು. ಕುದುರೆಮುಖದ ಬೆಟ್ಟ ಅಗೆದು, ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಇಲ್ಲಿಗೆ ತಂದ ಅದಿರು ಇದೇ ಮ್ಯಾಗ್ನಟೈಟ್. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಆ ಗಣಿ ನಿಂತಿತು. ಹಾಗೆಂದು ಅದಿರನ್ನು ಇನ್ನಷ್ಟು ನುಣ್ಣಗೆ ಅರೆದರೆ ನ್ಯಾನೊ ಔಷಧ ಸಿಕ್ಕೀತು ಎಂದು ಯಾರೂ ಹೊರಡಬೇಕಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ಮಾಡುವುದು ಎರಡು ಬಗೆಯ ಕಬ್ಬಿಣದ ಲವಣಗಳನ್ನು ಒಂದಕ್ಕೆ ಎರಡರ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ, ಅಮೋನಿಯ ಹನಿಸಿ. ಕಿತ್ತಳೆ ಬಣ್ಣದ ನೀರು ನೋಡನೋಡುತ್ತ ಕಪ್ಪಾಗಿ ತಳದಲ್ಲಿ ಗಸಿ ನಿಲ್ಲುತ್ತದೆ. ಬೀಕರಿನ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಆ ಗಸಿ ಅತ್ತ ಸರಿಯುತ್ತದೆ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಆಗುವ ಕೆಲಸ ಇದು. ಕಷ್ಟವಿರುವುದು ಮುಂದಿನ ಹಂತದಲ್ಲಿ: ಎಲ್ಲ ಕಣಗಳೂ ಒಂದೇ ಗಾತ್ರದಲ್ಲಿರಬೇಕು, ಹೊದಿಕೆ ಸಮವಾಗಿರಬೇಕು, ಬ್ಯಾಕ್ಟೀರಿಯಾದ ವಿಷ ಲವಲೇಶವೂ ಇರಬಾರದು.

ಇನ್ನು ಗ್ರಂಥಿಯ ಮಾತು. ಹಲ್ಲಿನ ಒಳಗಿನ ಮೆತ್ತನೆಯ ತಿರುಳಿನಲ್ಲಿ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇವೆ ಎಂದು 2000ದಲ್ಲಿ ಗೊತ್ತಾಯಿತು. ಬುದ್ಧಿಹಲ್ಲು ಅಡ್ಡ ಬೆಳೆದು ಕೀಳಿಸಿಕೊಂಡರೆ ಸಾಮಾನ್ಯವಾಗಿ ಅದು ಕಸದ ಬುಟ್ಟಿಗೆ. ಅದರೊಳಗಿನ ತಿರುಳು ಮಾತ್ರ ಬೀಜದಂಥ ವಸ್ತು. 2018ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡವೊಂದು 'ಬಯೋಮೆಟೀರಿಯಲ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಯೋಗ ನನ್ನ ವಾದಕ್ಕೆ ಆಧಾರ. ಅವರು ಮನುಷ್ಯರ ಹಲ್ಲಿನ ತಿರುಳಿನ ಆಕರಕೋಶಗಳಿಗೆ ಕಾಂತಕಣ ಅಂಟಿಸಿದರು, ಅಯಸ್ಕಾಂತದ ಚುಕ್ಕಿಗಳ ಮೇಲೆ ಗುಂಡುಕಟ್ಟಿಸಿದರು, ಬಳಿಕ ಎಫ್‌ಜಿಎಫ್-10 ಎಂಬ ಬೆಳವಣಿಗೆಯ ಪ್ರೋಟೀನ್ ಕೊಟ್ಟು ಜೊಲ್ಲುಗ್ರಂಥಿಯ ಕಡೆಗೆ ತಿರುಗಿಸಿದರು. ಗುಂಡಿನೊಳಗೆ ಒಸರುವ ಕೋಶ, ನಾಳದ ಕೋಶ, ಹಿಂಡುವ ಕೋಶ, ನರಕೋಶ ಎಲ್ಲದರ ಗುರುತೂ ಸಿಕ್ಕಿತು. ಶೇಕಡ 90ಕ್ಕೂ ಹೆಚ್ಚು ಕೋಶಗಳು ಬದುಕಿದ್ದವು. ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವನ್ನೂ ಅವು ತಯಾರಿಸಿದವು. ನರಸಂದೇಶದ ರಾಸಾಯನಿಕ ಸೋಕಿಸಿದಾಗ ಸ್ಪಂದಿಸಿದವು. ಹಾನಿಗೊಂಡ ಗ್ರಂಥಿಯೊಂದಕ್ಕೆ ದೇಹದ ಹೊರಗೇ ಇವನ್ನು ಸೇರಿಸಿದಾಗ ಅದರ ಕೋಶಗಳೂ ನರಗಳೂ ಹೆಚ್ಚು ಚಿಗುರಿದವು. ಮನುಷ್ಯನ ಬಾಯಲ್ಲಿ ಇದನ್ನು ಅವರು ಮಾಡಿಲ್ಲ, ಆ ದೂರ ಇನ್ನೂ ಕ್ರಮಿಸಬೇಕಾಗಿದೆ. ಆದರೂ ಕಸಕ್ಕೆ ಹೋಗುವ ಹಲ್ಲಿನಿಂದ ಜೊಲ್ಲಿನ ಕಿಣ್ವ ಒಸರುವ ಗುಂಡಿನ ತನಕ ಬಂದದ್ದು ದೊಡ್ಡ ದಾರಿಯೇ.

ಈಗ ಮಂಗಳೂರಿನ ದೇರಳಕಟ್ಟೆಯನ್ನು ನೋಡಿ. ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿ, ಎ.ಬಿ. ಶೆಟ್ಟಿ ದಂತ ಕಾಲೇಜು, ಯೆನೆಪೋಯದ ವೈದ್ಯಕೀಯ ಮತ್ತು ದಂತ ಕಾಲೇಜುಗಳು ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಎರಡೂ ವಿಶ್ವವಿದ್ಯಾಲಯಗಳಲ್ಲಿ ಆಕರಕೋಶ ಮತ್ತು ಪುನರುತ್ಪಾದಕ ವೈದ್ಯಕೀಯಕ್ಕೆಂದೇ ಸಂಶೋಧನಾ ವಿಭಾಗಗಳಿವೆ. ಕೆಲವೇ ಕಿಲೋಮೀಟರ್ ಆಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ವಸ್ತುವಿಜ್ಞಾನ ವಿಭಾಗವಿದೆ, ನಗರದ ಉತ್ತರಕ್ಕೆ ಸುರತ್ಕಲ್ಲಿನ ಎನ್‌ಐಟಿಕೆ ಇದೆ. ಅಂದರೆ ಹಲ್ಲು ಕೀಳುವವರು, ಕೋಶ ಬೆಳೆಸುವವರು, ಕಣ ತಯಾರಿಸಬಲ್ಲವರು, ಬಾಯಿ ಒಣಗಿದ ರೋಗಿಗಳು ಎಲ್ಲರೂ ಒಂದೇ ಸಿಟಿ ಬಸ್ಸಿನ ದೂರದಲ್ಲಿ. ಹಲ್ಲಿನ ತಿರುಳನ್ನು ಕಿತ್ತ ಕೆಲವೇ ಗಂಟೆಗಳಲ್ಲಿ ಲ್ಯಾಬಿಗೆ ಮುಟ್ಟಿಸಿದರೆ ಒಳ್ಳೆಯದು. ಹಾಗಿರುವಾಗ ಈ ಸಾಮೀಪ್ಯ ಬರಿಯ ಕಾಕತಾಳೀಯದ ಮಾತಲ್ಲ. ಖರ್ಚಿನ ಲೆಕ್ಕವೂ ಅನುಕೂಲವಾಗಿದೆ. ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ 2015ರಲ್ಲಿ ಯಕೃತ್ತಿನ ಅಂಗಾಂಶವನ್ನು 3ಡಿ ಮುದ್ರಣದಿಂದ ಮಾಡಿ ದೇಶದ ಗಮನ ಸೆಳೆಯಿತು. ಅದಕ್ಕೆ ಬೇಕಾದ ಮುದ್ರಕಯಂತ್ರ ದುಬಾರಿ. ಸಣ್ಣ ಮೂತಿಯಿಂದ ಹೊರದಬ್ಬುವಾಗ ಕೋಶಗಳಿಗೆ ಪೆಟ್ಟೂ ಆಗುತ್ತದೆ. ಅಯಸ್ಕಾಂತದ ವಿಧಾನಕ್ಕೆ ಸಾಮಾನ್ಯ ಕೋಶ ಪ್ರಯೋಗಾಲಯದ ಜೊತೆ ಕಣಗಳೂ ಒಂದಷ್ಟು ನಿಯೋಡೈಮಿಯಂ ಅಯಸ್ಕಾಂತಗಳೂ ಇದ್ದರೆ ಆಯಿತು.

ಇಲ್ಲಿ ನಿಜವಾದ ತಕರಾರು ಏಳುತ್ತದೆ. ಕೋಶದೊಳಗೆ ಕಬ್ಬಿಣ ತುಂಬಿಸಿ ಮನುಷ್ಯನ ದೇಹಕ್ಕೆ ಹಾಕುವುದೇ? ಮೊತ್ತದ ಮಟ್ಟಿಗೆ ಭಯ ಬೇಡ. ಒಂದು ಕೋಶಕ್ಕೆ 20 ಪಿಕೋಗ್ರಾಂ ಕಬ್ಬಿಣ ಎಂದಿಟ್ಟುಕೊಂಡರೆ, ಹತ್ತು ಸಾವಿರ ಕೋಶಗಳ ಗುಂಡಿನಲ್ಲಿ ಇರುವುದು 0.2 ಮೈಕ್ರೋಗ್ರಾಂ. ಇಂಥ ಸಾವಿರ ಗುಂಡು ಹಾಕಿದರೂ 0.2 ಮಿಲಿಗ್ರಾಂ. ನಾವು ಊಟದಿಂದ ದಿನವೂ ಹೀರಿಕೊಳ್ಳುವುದೇ 1ರಿಂದ 2 ಮಿಲಿಗ್ರಾಂ, ದೇಹದಲ್ಲಿ ಒಟ್ಟು ಇರುವುದು 3ರಿಂದ 4 ಗ್ರಾಂ. ಕಬ್ಬಿಣದ ಆಕ್ಸೈಡ್ ಕಣಗಳೇ ಮುಖ್ಯವಾಗಿರುವ ಫೆರುಮಾಕ್ಸಿಟಾಲ್ ಎಂಬ ಔಷಧವನ್ನು ಕಿಡ್ನಿ ರೋಗಿಗಳ ರಕ್ತಹೀನತೆಗೆಂದು ಅಮೆರಿಕ 2009ರಲ್ಲಿ ಒಪ್ಪಿದೆ, ಅಲ್ಲಿ ರಕ್ತನಾಳಕ್ಕೆ ಕೊಡುವುದು ನೂರಾರು ಮಿಲಿಗ್ರಾಂ. ಅದೇ ಔಷಧಕ್ಕೆ 2015ರಲ್ಲಿ ತೀವ್ರ ಅಲರ್ಜಿಯ ಕಟ್ಟೆಚ್ಚರಿಕೆ ಸೇರಿಸಬೇಕಾಯಿತು ಎಂಬುದನ್ನೂ ಮರೆಯಬಾರದು.

ಆದರೆ ಮೊತ್ತದ ಲೆಕ್ಕ ಅರ್ಧ ಉತ್ತರ ಮಾತ್ರ. ಕಬ್ಬಿಣ ಎಲ್ಲಿ ಕೂತಿದೆ, ಅಲ್ಲಿ ಏನು ಮಾಡುತ್ತದೆ ಎಂಬುದು ಉಳಿದರ್ಧ. 2004ರಲ್ಲೇ ಅಮೆರಿಕದ ಸಂಶೋಧಕರು ಒಂದು ವಿಚಿತ್ರವನ್ನು ಕಂಡರು: ಎಂಆರ್‌ಐ ತಪಾಸಣೆಗೆ ಬಳಸುತ್ತಿದ್ದ ಕಬ್ಬಿಣದ ಕಣಗಳನ್ನು ಆಕರಕೋಶಗಳಿಗೆ ತಿನ್ನಿಸಿದಾಗ ಅವು ಎಲುಬಿನ ಕೋಶವಾಗಲು, ಕೊಬ್ಬಿನ ಕೋಶವಾಗಲು ಅಡ್ಡಿಯಿರಲಿಲ್ಲ, ಮೃದ್ವಸ್ಥಿಯ ಕೋಶವಾಗಲು ಮಾತ್ರ ಒಪ್ಪಲಿಲ್ಲ. ಒಂದು ಅಂಗಾಂಶಕ್ಕೆ ನಿರುಪದ್ರವಿಯಾದದ್ದು ಇನ್ನೊಂದಕ್ಕೂ ಹಾಗೆಯೇ ಎನ್ನಲಾಗದು ಎಂಬುದಕ್ಕೆ ಇಷ್ಟು ಸಾಕು. ಪ್ಯಾರಿಸ್ಸಿನ ಕ್ಲೇರ್ ವಿಲ್ಹೆಲ್ಮ್ ಅವರ ತಂಡ ಇದನ್ನು ಮತ್ತಷ್ಟು ಕೆದಕಿತು. ಕೋಶದೊಳಗಿನ ಕಣಗಳು ಕೆಲವು ವಾರಗಳಲ್ಲಿ ಬಹುಪಾಲು ಕರಗುತ್ತವೆ ಎಂದು 2016ರಲ್ಲಿ ತೋರಿಸಿದ ಅದೇ ತಂಡ, ಕೆಲವು ಮಾನವ ಆಕರಕೋಶಗಳು ಕರಗಿದ ಕಬ್ಬಿಣದಿಂದ ತಾವೇ ಹೊಸ ಕಾಂತಕಣಗಳನ್ನು ಕಟ್ಟಿಕೊಳ್ಳುತ್ತವೆ ಎಂದು 2019ರಲ್ಲಿ ವರದಿ ಮಾಡಿತು. ಕೋಶ ನಮ್ಮ ಲೆಕ್ಕಕ್ಕೆ ಸಿಗುವ ಪ್ರಾಣಿಯಲ್ಲ. ಕಬ್ಬಿಣವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯೂ ಇದೆ. ಕೋಶವನ್ನು ಹಾಗೇ ಬಿಟ್ಟು, ಸುತ್ತಲಿನ ದ್ರವಕ್ಕೆ ಗ್ಯಾಡೋಲಿನಿಯಂ ಬೆರೆಸಿದರೆ ಕೋಶ ತಾನಾಗಿ ಕಾಂತಕ್ಷೇತ್ರದ ದುರ್ಬಲ ಜಾಗಕ್ಕೆ ಸರಿಯುತ್ತದೆ. ರಷ್ಯದ ವಿಜ್ಞಾನಿಗಳು 2018ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೃದ್ವಸ್ಥಿ ಕೋಶಗಳನ್ನು ಹೀಗೆ ಜೋಡಿಸಿದರು. ಭೂಮಿಯ ಮೇಲೆ ಗುರುತ್ವವನ್ನು ಮೀರಲು ಗ್ಯಾಡೋಲಿನಿಯಂ ಹೆಚ್ಚು ಬೇಕು, ಹೆಚ್ಚಾದರೆ ಅದು ವಿಷ. ದೇರಳಕಟ್ಟೆಗೆ ಸದ್ಯ ಕಬ್ಬಿಣವೇ ಮೇಲು.

ಎರಡನೆಯ ತಕರಾರು ಗಾತ್ರದ್ದು, ಇದಕ್ಕೆ ಜಾರಿಕೊಳ್ಳುವ ಉತ್ತರ ಕೊಡಬಾರದು. ರಕ್ತನಾಳದಿಂದ 100ರಿಂದ 200 ಮೈಕ್ರೋಮೀಟರಿನ ಆಚೆಗೆ ಆಮ್ಲಜನಕ ಸರಿಯಾಗಿ ತಲುಪದು. ಅಯಸ್ಕಾಂತ ಕಟ್ಟುವ ಗುಂಡಿನೊಳಗೆ ರಕ್ತನಾಳವಿಲ್ಲ, ಅರ್ಧ ಮಿಲಿಮೀಟರ್ ದಾಟಿದರೆ ನಡುವಿನ ಕೋಶಗಳು ಸಾಯುತ್ತವೆ. ಅಯಸ್ಕಾಂತದ ಸೆಳೆತವೂ ಕೆಲವು ಮಿಲಿಮೀಟರಿನಾಚೆ ಬೇಗ ಸೊರಗುತ್ತದೆ. ಹೃದಯ, ಕಿಡ್ನಿಗಳ ಕನಸು ಈ ದಾರಿಯಲ್ಲಿ ಹತ್ತಿರದಲ್ಲಿ ಕೈಗೂಡುವುದಿಲ್ಲ. ಜೊಲ್ಲುಗ್ರಂಥಿ ಬೇರೆಯ ಜಾತಿ: ಅದು ದ್ರಾಕ್ಷಿಗೊಂಚಲಿನ ಆಕಾರದ ಪುಟ್ಟ ಪುಟ್ಟ ಘಟಕಗಳ ಸಮೂಹ. ಇಡೀ ಗ್ರಂಥಿ ಕಟ್ಟುವ ಹಟವಿಲ್ಲದೆ, ಉಳಿದ ಗ್ರಂಥಿಯೊಳಗೆ ಸಣ್ಣ ಗುಂಡುಗಳನ್ನು ನೆಟ್ಟು ಚಿಗುರಿಸುವುದು ಯೋಚಿಸಬಹುದಾದ ಕೆಲಸ. ಬರಿಯ ಗುಂಡು ಮಾಡಲು ಅಯಸ್ಕಾಂತವೇ ಏಕೆ, ತೂಗಾಡುವ ಹನಿಯಲ್ಲಿ ಕೋಶ ಇಟ್ಟರೂ ಗುಂಡಾಗುತ್ತದಲ್ಲ ಎಂದು ಬಲ್ಲವರು ಕೇಳಬಹುದು. ಒಂದೇ ಜಾತಿಯ ಕೋಶವಾದರೆ ಅವರ ಮಾತೇ ಸರಿ. ಎರಡು ಮೂರು ಜಾತಿಯ ಕೋಶಗಳನ್ನು ಹೇಳಿದ ಪದರದಲ್ಲಿ ಕೂರಿಸಬೇಕಾದಾಗ, ದಿನಗಟ್ಟಲೆ ಪೋಷಕ ದ್ರವ ಬದಲಿಸುವಾಗ ಗುಂಡು ಪಿಪೆಟ್ಟಿನೊಳಗೆ ಹೋಗಿಬಿಡದಂತೆ ಹಿಡಿದಿಡಬೇಕಾದಾಗ ಅಯಸ್ಕಾಂತ ಕೈಹಿಡಿಯುತ್ತದೆ.

ಹಾಗಾದರೆ ರೋಗಿಗೆ ತಲುಪುವ ತನಕ ಈ ಗುಂಡುಗಳಿಂದ ಏನು ಉಪಯೋಗ? ನನ್ನ ತೀರ್ಮಾನದಲ್ಲಿ ಮೊದಲ ಫಲ ಬರುವುದು ಔಷಧ ಪರೀಕ್ಷೆಯಲ್ಲಿ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಜೊತೆಗೆ ಅಥವಾ ಬದಲಿಗೆ ಮಾನವ ಕೋಶಗಳ ಮೂರು ಆಯಾಮದ ಮಾದರಿಗಳನ್ನೂ ಬಳಸಲು ದಾರಿ ಮಾಡಿಕೊಟ್ಟಿದೆ. ವಿಕಿರಣದಿಂದ ಜೊಲ್ಲುಗ್ರಂಥಿಯನ್ನು ಕಾಪಾಡಬಲ್ಲ ಔಷಧವನ್ನು ಇಲಿಯ ಮೇಲೆ ಪರೀಕ್ಷಿಸುವ ಮೊದಲು 96 ಗುಳಿಗಳ ಪ್ಲೇಟಿನಲ್ಲಿ ಮನುಷ್ಯರ ಕೋಶಗಳ ಮೇಲೆಯೇ ಪರೀಕ್ಷಿಸಬಹುದು. ಕರಾವಳಿಗೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ, ಅಡಿಕೆ ಬೆಳೆಗಾರರಿಗೆ ಅದು ಹಿತವಾಗದಿದ್ದರೂ ಹೇಳಲೇಬೇಕು. ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಸೇರಿಸಿತು. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯಲಾಗದಂತಾಗುವ ರೋಗ ನಮ್ಮ ದಂತವೈದ್ಯರಿಗೆ ಚಿರಪರಿಚಿತ. ಕೆಳಗೆ ನಾರುಕೋಶ, ಮೇಲೆ ಹೊದಿಕೆಯ ಕೋಶ, ಹೀಗೆ ಅಯಸ್ಕಾಂತದಿಂದ ಎರಡು ಪದರ ಕೂರಿಸಿ ಕೆನ್ನೆಯ ಒಳಪದರದ ಮಾದರಿ ಮಾಡಿದರೆ, ಅಡಿಕೆಯಲ್ಲಿನ ಅರೆಕೋಲಿನ್ ಯಾವ ಪ್ರಮಾಣದಲ್ಲಿ, ಎಷ್ಟು ದಿನದಲ್ಲಿ ನಾರು ಬೆಳೆಸುತ್ತದೆ, ಯಾವ ಮದ್ದು ಅದನ್ನು ತಡೆಯುತ್ತದೆ ಎಂದು ನೋಡಬಹುದು. ಬೆಳೆಗಾರರ ಸಂಘಗಳೂ ಸಂಶೋಧಕರೂ ವರ್ಷಗಳಿಂದ ಮಾಡುತ್ತಿರುವ ವಾಗ್ವಾದಕ್ಕೆ ಇದರಿಂದ ಒಂದಿಷ್ಟು ಗಟ್ಟಿ ಅಂಕಿಅಂಶವಾದರೂ ಸಿಕ್ಕೀತು.

ಮೂರನೆಯ ಆತಂಕ ವಿಜ್ಞಾನದ್ದಲ್ಲ, ವ್ಯಾಪಾರದ್ದು. 'ಸ್ಟೆಮ್ ಸೆಲ್', 'ನ್ಯಾನೊ' ಎಂಬ ಎರಡು ಮಾತುಗಳೂ ಒಂದೇ ಜಾಹೀರಾತಿನಲ್ಲಿ ಬಂದರೆ ಜನ ಮರುಳಾಗುವುದು ಸಹಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಲ್ಲಿ ನಿಷ್ಠುರವಾಗಿದೆ. ರಕ್ತಸಂಬಂಧಿ ರೋಗಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಆಕರಕೋಶದ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. ಹೊಕ್ಕುಳಬಳ್ಳಿಯ ರಕ್ತವನ್ನುಳಿದು ಹಲ್ಲಿನ ತಿರುಳು ಮುಂತಾದವನ್ನು ಬ್ಯಾಂಕಿನಲ್ಲಿ ಕೂಡಿಡುವುದಕ್ಕೂ ಅದು ಒಪ್ಪಿಗೆ ಕೊಟ್ಟಿಲ್ಲ. ನ್ಯಾನೊ ಔಷಧಗಳ ಪರಿಶೀಲನೆಗೆ 2019ರಲ್ಲಿ ಬೇರೆಯೇ ಮಾರ್ಗಸೂಚಿ ಬಂದಿದೆ. ಈ ಕಟ್ಟುಪಾಡು ಸಂಶೋಧನೆಗೆ ಅಡ್ಡಿ ಎಂದು ಗೊಣಗುವವರಿದ್ದಾರೆ. ದಾರಿ ಉದ್ದ, ಮುಚ್ಚಿದ್ದಲ್ಲ. ಮಣಿಪಾಲ ಸಮೂಹದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಪ್ರಯೋಗದ ದಾರಿಯಲ್ಲಿ ಸಾಗಿಯೇ, ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ರೋಗಕ್ಕೆ ತನ್ನ ಆಕರಕೋಶ ಔಷಧಕ್ಕೆ 2016ರಲ್ಲಿ ಸೀಮಿತ ಅನುಮತಿಯನ್ನೂ ಮಂಡಿಸವೆತಕ್ಕೆ 2022ರಲ್ಲಿ ಅನುಮತಿಯನ್ನೂ ಪಡೆಯಿತು. ಕಾಂತಕಣದ ಗುಂಡುಗಳೂ ಅದೇ ದಾರಿಯಲ್ಲಿ ಬರಲಿ.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಒಣಬಾಯಿಗೋ ಮಂಡಿನೋವಿಗೋ 'ನ್ಯಾನೊ ಸ್ಟೆಮ್ ಸೆಲ್' ಚಿಕಿತ್ಸೆ ಇದೆ ಎಂದು ಯಾರಾದರೂ ಹಣ ಕೇಳಿದರೆ, ಮೊದಲು ಅದು ಅನುಮತಿ ಪಡೆದ ಔಷಧವೇ ಎಂದು ವಿಚಾರಿಸಿ. ಪ್ರಯೋಗ ಎಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ದೇಶದಲ್ಲಿ ನಡೆಯುವ ಕ್ಲಿನಿಕಲ್ ಪ್ರಯೋಗಗಳು ಐಸಿಎಂಆರ್ ನಡೆಸುವ ಆ ಪಟ್ಟಿಯಲ್ಲಿ ಇರಲೇಬೇಕು. ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಆಕರಕೋಶದ ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಆ ಚಿಕಿತ್ಸೆಗೆ ಹಣ ಪಡೆಯುವಂತಿಲ್ಲ.